ಹತ್ತು ಹನಿಯಲ್ಲಿ ಎಷ್ಟು ಪರಿಮಳ?

ಹೆಂಪ್ ಎಣ್ಣೆಯ ಬಾಟಲಿ ಕೈಗೆ ಬಂದರೆ ಮೊದಲು ಲೇಬಲ್ ಓದಬೇಡಿ, ಮುಚ್ಚಳ ತೆಗೆದು ಮೂಸಿ ನೋಡಿ. ಹಸಿ ಹುಲ್ಲಿನ ವಾಸನೆ, ಅದರ ಹಿಂದೆಯೇ ಅಕ್ರೋಟಿನಂಥ ಜಿಡ್ಡು ಬಂದರೆ ಅದು ಬೀಜ ಹಿಂಡಿ ತೆಗೆದ ಎಣ್ಣೆ. ನಿಂಬೆ ಸಿಪ್ಪೆ, ಒಳ್ಳೆ ಮೆಣಸು (ಕಾಳುಮೆಣಸು), ರಾಳ ಎಲ್ಲ ಕಲಸಿದ ಘಾಟು ಮೂಗಿಗೆ ಹೊಡೆದರೆ ಎಲೆ ಅಥವಾ ಹೂವಿನ ಸಾರ. ವಾಸನೆಯೇ ಇಲ್ಲವೆಂದರೆ ಈ ಗಿಡದ ಅಮಲೇರಿಸದ ರಾಸಾಯನಿಕವಾದ ಸಿಬಿಡಿಯ ಶುದ್ಧ ಹರಳನ್ನು ಎಂಸಿಟಿ ಎಂಬ ವಾಸನೆಯಿಲ್ಲದ ಎಣ್ಣೆಯಲ್ಲಿ ಕರಗಿಸಿದ್ದು. ಹಳೆಯ ಪೇಂಟ್ ಡಬ್ಬಿಯ ವಾಸನೆ ಬಂತೋ, ಎಣ್ಣೆ ಕೆಟ್ಟಿದೆ, ಎಸೆಯಿರಿ. ಮೊದಲ ಮೂರಕ್ಕೂ ಅಂಗಡಿಯಲ್ಲಿ ‘ಹೆಂಪ್ ಆಯಿಲ್’ ಎಂದೇ ಹೆಸರು. ಬೆಲೆಯಲ್ಲಿ ಹತ್ತಾರು ಪಟ್ಟು ವ್ಯತ್ಯಾಸ.

ಹೆಸರಿನ ಗೊಂದಲ ಇನ್ನೊಂದಿದೆ. ನಿಘಂಟು ತೆರೆದರೆ ಹೆಂಪ್ ಎಂದರೆ ಸೆಣಬು ಎಂದಿರುತ್ತದೆ. ಗೋಣಿಚೀಲದ ಸೆಣಬು ಬೇರೆಯೇ ಗಿಡ, ಅದಕ್ಕೆ ಈ ಪರಿಮಳವೂ ಇಲ್ಲ, ಈ ಗುಣವೂ ಇಲ್ಲ. ಇಲ್ಲಿ ಹೇಳುತ್ತಿರುವುದು ಭಂಗಿ ಗಿಡದ ಬಗ್ಗೆ, ಅದರಲ್ಲೂ ಅಮಲಿನ ಅಂಶವಾದ ಟಿಎಚ್‌ಸಿ ತೀರಾ ಕಡಿಮೆ ಇರುವ ತಳಿಗಳ ಬಗ್ಗೆ.

ಪರಿಮಳ ಎಲ್ಲಿರುತ್ತದೆ ಎಂದು ತಿಳಿಯಲು ಹಿತ್ತಲಿನ ಸಾಂಬ್ರಾಣಿ ಸೊಪ್ಪು (ದೊಡ್ಡಪತ್ರೆ) ಸಾಕು. ಗಿಡದ ಪಕ್ಕ ಸುಮ್ಮನೆ ನಿಂತರೆ ಅಷ್ಟೇನೂ ವಾಸನೆ ಬರುವುದಿಲ್ಲ, ಎಲೆಯನ್ನು ಎರಡು ಬೆರಳ ನಡುವೆ ಉಜ್ಜಿದ ಕೂಡಲೇ ಘಮ್ಮೆನ್ನುತ್ತದೆ. ಎಲೆಯ ಮೇಲಿನ ನವಿರಾದ ರೋಮಗಳ ತುದಿಯಲ್ಲಿ ಎಣ್ಣೆಯ ಪುಟ್ಟ ಗುಳ್ಳೆಗಳಿರುತ್ತವೆ, ಉಜ್ಜಿದಾಗ ಅವು ಒಡೆಯುತ್ತವೆ. ಭಂಗಿ ಗಿಡದಲ್ಲಿ ಇಂಥ ರೋಮಗಳು ಹೆಣ್ಣು ಹೂವಿನ ಸುತ್ತ ಒತ್ತಾಗಿ ಬೆಳೆಯುತ್ತವೆ. ಟರ್ಪೀನ್ ಎಂಬ ಪರಿಮಳದ ರಾಸಾಯನಿಕಗಳೂ ಸಿಬಿಡಿ, ಟಿಎಚ್‌ಸಿಗಳೂ ತಯಾರಾಗುವುದು ಅದೇ ಗುಳ್ಳೆಯಲ್ಲಿ. ಬೀಜದ ಒಳಗೆ ಈ ರೋಮವಿಲ್ಲ. ಹಾಗಾಗಿ ತಣ್ಣಗೆ ಹಿಂಡಿದ ಬೀಜದ ಎಣ್ಣೆಯಲ್ಲಿ ಸಿಬಿಡಿಯೂ ಇಲ್ಲ, ಟರ್ಪೀನೂ ಇಲ್ಲ ಎಂದೇ ಇಟ್ಟುಕೊಳ್ಳಿ. ಇದ್ದರೂ ಅದು ಬೀಜದ ಹೊರಗೆ ಅಂಟಿಕೊಂಡು ಬಂದ ಹೂವಿನ ಅಂಟು. ಬೀಜದ ಎಣ್ಣೆ ಮಾರುತ್ತಾ ‘ನಿದ್ದೆಗೆ, ಆತಂಕಕ್ಕೆ’ ಎಂದು ಬರೆದವನು ಒಂದೋ ತಿಳಿಯದವನು, ಇಲ್ಲವೇ ಚೆನ್ನಾಗಿ ತಿಳಿದವನು.

ಟರ್ಪೀನ್ ಎಂಬ ಹೆಸರು ಬಂದದ್ದು ಟರ್ಪೆಂಟೈನ್‌ನಿಂದ. ಹೆಸರು ಹೊಸದೆನಿಸಿದರೂ ವಸ್ತು ನಮ್ಮ ಸಾಂಬಾರ ಪೆಟ್ಟಿಗೆಯದ್ದೇ. ಒಳ್ಳೆ ಮೆಣಸು ಜಜ್ಜಿದಾಗ ಖಾರಕ್ಕೂ ಮೊದಲು ಬರುವ ಒಣಮರದಂಥ ವಾಸನೆಯಲ್ಲಿ ದೊಡ್ಡ ಪಾಲು ಬೀಟಾ ಕ್ಯಾರಿಯೊಫಿಲೀನ್. ಲವಂಗದಲ್ಲೂ ಅದಿದೆ, ಆದರೆ ಅಲ್ಲಿ ಯುಜೆನಾಲ್ ಅದನ್ನು ಮುಚ್ಚಿಬಿಡುತ್ತದೆ. ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆಯಲ್ಲಿ ತಳಿಗೆ ತಕ್ಕಂತೆ ಮೈರ್ಸೀನ್, ಒಸಿಮೀನ್, ಟರ್ಪಿನೊಲೀನ್ ಇರುತ್ತವೆ. ಗಜನಿಂಬೆಯ ಸಿಪ್ಪೆ ಚಿವುಟಿದಾಗ ಕಣ್ಣಿಗೆ ಹಾರುವುದು ಹೆಚ್ಚಾಗಿ ಲಿಮೊನೀನ್. ಕಷಾಯದ ಹುಡಿಗೆ ಕೊತ್ತಂಬರಿ ಹುರಿಯುವಾಗ ಅಡುಗೆಮನೆ ತುಂಬುವುದು ಲಿನಲೂಲ್. ಕೊತ್ತಂಬರಿ ಬೀಜದ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಶಂಕರಪುರದ ಮಲ್ಲಿಗೆಯ ಕಂಪಿನಲ್ಲೂ ಲಿನಲೂಲ್‌ಗೆ ಜಾಗವಿದೆ. ರಾಳದ ಧೂಪ ಹಾಕಿದಾಗ ಮೂಗಿಗೆ ತಟ್ಟುವುದರಲ್ಲಿ ಪೈನೀನ್ ಇದೆ. ಹೆಂಪ್ ಹೂವಿನ ಪರಿಮಳವೆಂದರೆ ಇವೇ, ಬೇರೆ ಬೇರೆ ಪ್ರಮಾಣದಲ್ಲಿ.

ಇವೇ ಎಂದರೂ ಪೂರ್ತಿ ಇವೇ ಅಲ್ಲ. ಗಾಂಜಾಕ್ಕೆ ಮಾತ್ರ ಅಂಟಿಕೊಂಡ ಆ ಕೊಳೆತ ಬೆಳ್ಳುಳ್ಳಿಯಂಥ ಕಟು ವಾಸನೆ ಟರ್ಪೀನ್‌ನದ್ದಲ್ಲ, ಗಂಧಕವಿರುವ ಸಂಯುಕ್ತಗಳದ್ದು ಎಂದು 2021ರಲ್ಲಿ ಗೊತ್ತಾಯಿತು. ಇಂಗು, ಬೆಳ್ಳುಳ್ಳಿಯ ಕುಲ. ಪ್ರಮಾಣ ಎಣಿಕೆಗೂ ಸಿಗದಷ್ಟು ಕಡಿಮೆ, ಆದರೆ ಇಂಗಿನ ಡಬ್ಬಿಯನ್ನು ಯಾರೂ ಮರೆಮಾಚಲಾಗುವುದಿಲ್ಲವಲ್ಲ. ಆದ್ದರಿಂದ ‘ಘಾಟು ಜೋರಾಗಿದ್ದರೆ ಟರ್ಪೀನ್ ಜಾಸ್ತಿ’ ಎಂಬ ಲೆಕ್ಕ ತಪ್ಪು.

ಈಗ ಮಾರಾಟದ ಮಾತಿಗೆ ಬರೋಣ. ‘ಎಂಟೂರಾಜ್’ ಎಂಬ ಫ್ರೆಂಚ್ ಪದವನ್ನು ಎಲ್ಲ ಬ್ರಾಂಡ್‌ಗಳೂ ಬಳಸುತ್ತವೆ. ಪಲ್ಲಕ್ಕಿಯ ಹಿಂದೆ ಪರಿವಾರವಿದ್ದಂತೆ, ಸಿಬಿಡಿಯ ಜೊತೆ ಟರ್ಪೀನ್‌ಗಳಿದ್ದರೆ ಗುಣ ಇಮ್ಮಡಿ ಎಂಬ ವಾದ. ಈ ಪದವನ್ನು 1998ರಲ್ಲಿ ಇಸ್ರೇಲಿನ ಮೆಶೂಲಮ್ ಅವರ ತಂಡ ಬಳಸಿದ್ದು ಗಿಡದ ಪರಿಮಳದ ಬಗ್ಗೆ ಅಲ್ಲ, ನಮ್ಮ ದೇಹದೊಳಗೇ ಹುಟ್ಟುವ ಕೊಬ್ಬಿನ ಅಣುಗಳ ಬಗ್ಗೆ. ಒಂದು ಅಣು ಕೆಲಸ ಮಾಡುವಾಗ ಸುಮ್ಮನಿರುವಂತೆ ಕಾಣುವ ಅದರ ನೆಂಟರು ಅದಕ್ಕೆ ಬಲ ಕೊಡುತ್ತಾರೆ ಎಂಬುದು ಅಲ್ಲಿನ ಮಾತು. ಅದನ್ನು ಟರ್ಪೀನ್‌ಗಳಿಗೆ ವಿಸ್ತರಿಸಿ, ಯಾವುದು ಯಾವುದಕ್ಕೆ ಜೊತೆಯಾಗಬಹುದು ಎಂದು 2011ರಲ್ಲಿ ವಿವರವಾಗಿ ಬರೆದವರು ಅಮೆರಿಕದ ನರವೈದ್ಯ ಈಥನ್ ರುಸ್ಸೊ. ಅವರು ಬರೆದದ್ದು ಬಹುಪಾಲು ‘ಹೀಗಿರಬಹುದು, ಪರೀಕ್ಷಿಸಿ’ ಎಂಬ ಧಾಟಿಯಲ್ಲಿ. ಲೇಬಲ್ ಮುದ್ರಿಸುವವರು ‘ಬಹುದು’ ಅನ್ನು ಬಿಟ್ಟರು.

ಪರೀಕ್ಷೆಗಳೂ ನಡೆದಿವೆ. 2019ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸಾಮಾನ್ಯವಾದ ಆರು ಟರ್ಪೀನ್‌ಗಳನ್ನು ಜೀವಕೋಶಗಳ ಮೇಲೆ ಹಾಕಿ ನೋಡಿದರು. ಸಿಬಿ1, ಸಿಬಿ2 ಎಂಬ ಗ್ರಾಹಕಗಳ (ಇಂಥ ಅಣುಗಳು ಬಂದು ಅಂಟುವ ಜೀವಕೋಶದ ತಾಣಗಳು) ಮೇಲೆ ಟಿಎಚ್‌ಸಿ ಮಾಡುವ ಕೆಲಸವನ್ನು ಅವು ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ. ಹಾಗೆಂದು ಕಥೆ ಮುಗಿಯಲಿಲ್ಲ. 2024ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 20 ಮಂದಿ ಆರೋಗ್ಯವಂತರಿಗೆ ಟಿಎಚ್‌ಸಿಯನ್ನು ಲಿಮೊನೀನ್ ಜೊತೆ ಆವಿಯಾಗಿ ಕೊಟ್ಟಾಗ, ಟಿಎಚ್‌ಸಿಯಿಂದ ಹುಟ್ಟುವ ಆತಂಕ, ಸಂಶಯ ತಗ್ಗಿತು. ಸ್ಪಷ್ಟವಾಗಿ ತಗ್ಗಿದ್ದು 30 ಮಿಲಿಗ್ರಾಂ ಟಿಎಚ್‌ಸಿಗೆ 15 ಮಿಲಿಗ್ರಾಂ ಲಿಮೊನೀನ್ ಸೇರಿಸಿದಾಗ, ಅಂದರೆ ಎರಡಕ್ಕೆ ಒಂದು. ಹೂವಿನಲ್ಲಿ ಲಿಮೊನೀನ್ ಆ ಪ್ರಮಾಣದಲ್ಲಿ ಎಲ್ಲಿಯೂ ಇರುವುದಿಲ್ಲ, ನಾಲಿಗೆ ಕೆಳಗೆ ಬಿಡುವ ಹನಿಯ ಮಾತಂತೂ ದೂರ.

ಪ್ರಮಾಣದ ಲೆಕ್ಕ ನೀವೇ ಹಾಕಬಹುದು, ಇದು ಗೊತ್ತಿದ್ದರೆ ಅರ್ಧ ಜಾಹೀರಾತು ತಾನಾಗಿ ಉದುರುತ್ತದೆ. 30 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 28 ಗ್ರಾಂ ಎಣ್ಣೆ. ಲ್ಯಾಬ್ ವರದಿಯಲ್ಲಿ ಒಟ್ಟು ಟರ್ಪೀನ್ 0.5% ಎಂದಿದ್ದರೆ ಇಡೀ ಬಾಟಲಿಯಲ್ಲಿ 140 ಮಿಲಿಗ್ರಾಂ. ಒಂದು ಮಿಲಿಲೀಟರಿಗೆ 20 ಹನಿ ಹಿಡಿದರೆ ಬಾಟಲಿಗೆ 600 ಹನಿ, ಹತ್ತು ಹನಿಗೆ 2.3 ಮಿಲಿಗ್ರಾಂ. ಅದರಲ್ಲಿ ಮೂರನೇ ಒಂದು ಪಾಲು ಕ್ಯಾರಿಯೊಫಿಲೀನ್ ಎಂದರೂ 0.8 ಮಿಲಿಗ್ರಾಂ. ಈಗ ಒಳ್ಳೆ ಮೆಣಸು ತೆಗೆದುಕೊಳ್ಳಿ. ಇಪ್ಪತ್ತು ಕಾಳು ಸುಮಾರು ಒಂದು ಗ್ರಾಂ ತೂಗುತ್ತವೆ. ಅದರಲ್ಲಿ ಆವಿಯಾಗುವ ತೈಲ ಕಡಿಮೆಯೆಂದರೂ 2%, ಅಂದರೆ 20 ಮಿಲಿಗ್ರಾಂ. ಆ ತೈಲದಲ್ಲಿ ಕ್ಯಾರಿಯೊಫಿಲೀನ್ 10ರಿಂದ 30%, ಅಂದರೆ 2ರಿಂದ 6 ಮಿಲಿಗ್ರಾಂ. ಪುತ್ತೂರು, ಸುಳ್ಯ ಕಡೆಯ ತೋಟದಿಂದ ಬಂದ ಇಪ್ಪತ್ತು ಕಾಳು ಮೆಣಸು ಬಾಟಲಿಯ ಹತ್ತು ಹನಿಯನ್ನು ಸುಲಭವಾಗಿ ಹಿಂದಿಕ್ಕುತ್ತದೆ.

ಕ್ಯಾರಿಯೊಫಿಲೀನ್ ಬಗ್ಗೆ ಸುಮ್ಮನೆ ಹೇಳುತ್ತಿಲ್ಲ, ಟರ್ಪೀನ್‌ಗಳಲ್ಲಿ ಗಟ್ಟಿ ಆಧಾರವಿರುವುದು ಅದಕ್ಕೇ. ಅದು ಸಿಬಿ2 ಗ್ರಾಹಕಕ್ಕೆ ನೇರವಾಗಿ ಅಂಟುತ್ತದೆ ಎಂದು 2008ರಲ್ಲಿ ತೋರಿಸಿದರು. ಸಿಬಿ2 ಹೆಚ್ಚಾಗಿ ರೋಗನಿರೋಧಕ ಕೋಶಗಳಲ್ಲಿರುವಂಥದ್ದು, ಅಮಲಿಗೆ ಕಾರಣವಾಗುವ ಸಿಬಿ1 ಬೇರೆ; ಅದಕ್ಕೇ ಮೆಣಸಿನ ಸಾರು ಕುಡಿದು ಯಾರಿಗೂ ಅಮಲೇರುವುದಿಲ್ಲ. ಆ ಪ್ರಯೋಗದಲ್ಲಿ ಇಲಿಗಳಿಗೆ ಬಾಯಿಯ ಮೂಲಕ ಒಂದು ಕಿಲೋ ತೂಕಕ್ಕೆ 5 ಮಿಲಿಗ್ರಾಂ ಕೊಟ್ಟಾಗ ಊತ ಇಳಿಯಿತು, ಸಿಬಿ2 ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಇಳಿಯಲಿಲ್ಲ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ತಿರುಗಿಸಲು ಸ್ಥೂಲವಾಗಿ ಹನ್ನೆರಡರಿಂದ ಭಾಗಿಸುತ್ತಾರೆ. 60 ಕಿಲೋ ಮನುಷ್ಯನಿಗೆ 25 ಮಿಲಿಗ್ರಾಂ ಆಸುಪಾಸು. ಹತ್ತು ಹನಿಯಲ್ಲಿ ಇರುವುದು ಅದರ ಮೂವತ್ತನೇ ಒಂದು ಭಾಗ.

ಮೈರ್ಸೀನ್‌ನದ್ದು ಇನ್ನೂ ಕೇಡು. ‘ಮೈರ್ಸೀನ್ ಅರ್ಧ ಶೇಕಡಾಕ್ಕಿಂತ ಹೆಚ್ಚಿದ್ದರೆ ನಿದ್ದೆ ಬರುತ್ತದೆ’ ಎಂಬ ಮಾತು ಎಲ್ಲೆಡೆ ಸುತ್ತುತ್ತಿದೆ. ಇಲಿಗಳ ನಿದ್ದೆ ಉದ್ದವಾದದ್ದು ಒಂದು ಕಿಲೋ ತೂಕಕ್ಕೆ 200 ಮಿಲಿಗ್ರಾಂ ಕೊಟ್ಟಾಗ, ಅದೂ ನಿದ್ದೆಯ ಔಷಧಿಯ ಜೊತೆಗೆ. ಮೇಲಿನ ಲೆಕ್ಕದಲ್ಲೇ ಹೋದರೆ ಮನುಷ್ಯನಿಗೆ ಒಂದು ಗ್ರಾಂ. ಬಾಟಲಿಯ ಟರ್ಪೀನ್ ಪೂರ್ತಿ ಮೈರ್ಸೀನೇ ಆಗಿದ್ದರೂ ಏಳು ಬಾಟಲಿ ಒಟ್ಟಿಗೆ ಕುಡಿಯಬೇಕು. ಮಾವಿನಹಣ್ಣು ತಿಂದರೆ ಭಂಗಿ ಏರುತ್ತದೆ ಎಂಬ ನಂಬಿಕೆಯನ್ನೂ ಇದೇ ತಕ್ಕಡಿಯಲ್ಲಿ ತೂಗಿ.

ಹಾಗಾದರೆ ಪರಿಮಳಕ್ಕೆ ಏನೂ ಬೆಲೆಯಿಲ್ಲವೇ? ಇದೆ, ಆದರೆ ಹೊಟ್ಟೆಯ ದಾರಿಯಲ್ಲಿ ಅಲ್ಲ, ಮೂಗಿನ ದಾರಿಯಲ್ಲಿ. ಲಿನಲೂಲ್ ಆವಿಯನ್ನು ಮೂಸಿದ ಇಲಿಗಳು ಶಾಂತವಾದವು, ಮೂಗಿನ ಶಕ್ತಿ ಕಳೆದುಕೊಂಡ ಇಲಿಗಳು ಶಾಂತವಾಗಲಿಲ್ಲ ಎಂದು 2018ರಲ್ಲಿ ಜಪಾನಿನಲ್ಲಿ ಕಂಡುಕೊಂಡರು. ಆವಿ ರಕ್ತಕ್ಕೆ ಸೇರಿದ್ದರಿಂದ ಅಲ್ಲ, ಮೂಸಿದ್ದರಿಂದಲೇ ಆದ ಪರಿಣಾಮ ಅದು. ಬಾಯಿಯ ಮೂಲಕ ಕೊಟ್ಟು ಮನುಷ್ಯರಲ್ಲಿ ಆತಂಕ ತಗ್ಗಿದ್ದು ಕಂಡಿರುವುದು ಲಿನಲೂಲ್ ಹೆಚ್ಚಿರುವ ಲ್ಯಾವೆಂಡರ್ ತೈಲದ ಕ್ಯಾಪ್ಸೂಲ್‌ನಲ್ಲಿ, ದಿನಕ್ಕೆ 80 ಮಿಲಿಗ್ರಾಂ ತೈಲ. ಹನಿಯ 2.3ರ ಪಕ್ಕ ಈ 80ನ್ನು ಇಟ್ಟು ನೋಡಿ.

ಇದ್ದ ಪರಿಮಳವಾದರೂ ಬಾಟಲಿಯವರೆಗೆ ಉಳಿಯುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಟರ್ಪೀನ್‌ಗಳ ಕುದಿಬಿಂದುವಿನ ಪಟ್ಟಿ ಎಲ್ಲ ಕಡೆ ಸಿಗುತ್ತದೆ: ಪೈನೀನ್ 155, ಮೈರ್ಸೀನ್ 167, ಲಿಮೊನೀನ್ 176, ಲಿನಲೂಲ್ 198 ಡಿಗ್ರಿ. ಪಟ್ಟಿ ಸರಿ, ಅದನ್ನು ಓದುವ ರೀತಿ ತಪ್ಪು. ದೇವರಕೋಣೆಯ ಕರ್ಪೂರವೂ ಟರ್ಪೀನ್ ಬಳಗದ್ದೇ. ಅದರ ಕುದಿಬಿಂದು 200 ಡಿಗ್ರಿ ದಾಟುತ್ತದೆ, ಆದರೂ ಮುಚ್ಚಳ ಸಡಿಲವಿದ್ದರೆ ತಿಂಗಳಲ್ಲಿ ಡಬ್ಬಿ ಖಾಲಿ. (ಕರ್ಪೂರದ ಡಬ್ಬಿಗೆ ನಾಲ್ಕು ಕಾಳು ಒಳ್ಳೆ ಮೆಣಸು ಹಾಕುವ ಪದ್ಧತಿ ಇದೆ, ಮೆಣಸಿಗಿಂತ ಬಿಗಿ ಮುಚ್ಚಳವೇ ಹೆಚ್ಚು ಕಾಯುತ್ತದೆ.) ಕುದಿಯುವುದೇ ಬೇಡ, ತೆರೆದಿಟ್ಟರೆ ಸಾಕು. ಕೊಯ್ದ ಹೂವನ್ನು ಸಾಮಾನ್ಯ ಉಷ್ಣತೆಯಲ್ಲಿ ಒಂದು ವಾರ ಒಣಗಿಸಿದರೆ ತೈಲದ ಕಾಲು ಭಾಗಕ್ಕಿಂತ ಹೆಚ್ಚು, ಮೂರು ತಿಂಗಳಿಟ್ಟರೆ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಮೊದಲು ಹೋಗುವುದು ಹಗುರವಾದ ಮೈರ್ಸೀನ್, ಪೈನೀನ್, ಲಿಮೊನೀನ್. ಕೊನೆಗೆ ಉಳಿಯುವುದು ಭಾರವಾದ ಕ್ಯಾರಿಯೊಫಿಲೀನ್, ಹ್ಯೂಮುಲೀನ್. ಹಳೆಯ ಸಾರಿನ ಹುಡಿಯಲ್ಲಿ ಕೊತ್ತಂಬರಿ ಸತ್ತು ಮೆಣಸು ಮಾತ್ರ ಉಳಿದಿರುತ್ತದಲ್ಲ, ಹಾಗೆ.

ಸಾರ ತೆಗೆಯುವಾಗ ಇನ್ನೊಂದು ಸುತ್ತು ನಷ್ಟ. ಗಿಡದಲ್ಲಿ ಆಮ್ಲರೂಪದಲ್ಲಿರುವ ಸಿಬಿಡಿಯನ್ನು ಬದಲಿಸಲು ನೂರು ಡಿಗ್ರಿಗೂ ಮೇಲೆ ಬಿಸಿ ಮಾಡುತ್ತಾರೆ. ಆಲ್ಕೋಹಾಲ್‌ನಲ್ಲಿ ಸಾರ ತೆಗೆದರೆ ಅದನ್ನು ಆವಿ ಮಾಡಿ ಓಡಿಸಬೇಕು, ಅದರ ಬೆನ್ನಿಗೆ ಹಗುರ ಟರ್ಪೀನೂ ಓಡುತ್ತದೆ. ಆಮೇಲೆ ಹೊರಗಿನಿಂದ ಟರ್ಪೀನ್ ತಂದು ಸೇರಿಸುವುದು ವಾಡಿಕೆ. ಕಿತ್ತಳೆ ಸಿಪ್ಪೆಯ ಲಿಮೊನೀನ್‌ಗೂ ಹೆಂಪಿನ ಲಿಮೊನೀನ್‌ಗೂ ರಾಸಾಯನಿಕವಾಗಿ ಭೇದವಿಲ್ಲ, ಅದರಲ್ಲಿ ಮೋಸವೂ ಇಲ್ಲ. ‘ಗಿಡದಲ್ಲಿ ಇದ್ದಂತೆಯೇ’ ಎಂದು ಬರೆದರೆ ಮಾತ್ರ ಮೋಸ. ಲ್ಯಾಬ್ ವರದಿ ಕೇಳಿ ಪಡೆಯಿರಿ. ಅದರಲ್ಲಿ ಟರ್ಪೀನ್ ಪುಟ ಬೇರೆಯೇ ಇರಬೇಕು. ಒಂದು ಗ್ರಾಂಗೆ 10 ಮಿಲಿಗ್ರಾಂ ಎಂದರೆ 1%. ಬ್ಯಾಚ್ ಸಂಖ್ಯೆ ನಿಮ್ಮ ಬಾಟಲಿಯದ್ದಕ್ಕೆ ಹೊಂದಬೇಕು, ತಾರೀಕು ಒಂದು ವರ್ಷಕ್ಕಿಂತ ಹಳೆಯದಾದರೆ ಆ ಅಂಕಿಗೆ ಅರ್ಥವಿಲ್ಲ. ನಿಜವಾದ ಗಿಡದ ಸಾರದಲ್ಲಿ ಹತ್ತಾರು ಹೆಸರುಗಳು ಸಣ್ಣ ಸಣ್ಣ ಪ್ರಮಾಣದಲ್ಲಿ ಇರುತ್ತವೆ. ಮೂರೇ ಹೆಸರು ದುಂಡು ಅಂಕಿಗಳಲ್ಲಿದ್ದು ಉಳಿದದ್ದೆಲ್ಲ ಸೊನ್ನೆ ಎಂದರೆ ಮೇಲಿಂದ ಹಾಕಿದ್ದು.

ಕಾನೂನಿನ ಮಾತು ಚುಟುಕಾಗಿ. ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ಆ ತುದಿಯಿಲ್ಲದ ಬರೀ ಬೀಜ ಮತ್ತು ಎಲೆ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟನ್ನು ಆಹಾರವೆಂದು ಮಾರಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2021ರಲ್ಲಿ ಟಿಎಚ್‌ಸಿಗೆ ಮಿತಿ ಹಾಕಿ ಒಪ್ಪಿತು. ಎಲೆಯ ಸಾರ ‘ವಿಜಯಾ’ ಎಂಬ ಹೆಸರಲ್ಲಿ ಆಯುರ್ವೇದದ ಔಷಧಿಯಾಗಿ ಬರುತ್ತದೆ, ವೈದ್ಯರ ಚೀಟಿಯ ಮೇಲೆ. ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಸಿಬಿಡಿ ಮುಟ್ಟಬಾರದು. ಈ ಮಾತ್ರೆಗಳನ್ನು ಕರಗಿಸುವ ಯಕೃತ್ತಿನ ಕಿಣ್ವಗಳನ್ನೇ ಸಿಬಿಡಿ ತಡೆಯುತ್ತದೆ, ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರುತ್ತದೆ.

ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು, ಪರಿಮಳ ನಿಜಕ್ಕೂ ಲೆಕ್ಕಕ್ಕೆ ಬರುವಂಥದ್ದು ಎಂದರೆ ಬೀಜದ ಎಣ್ಣೆಯ ಮುಲಾಮು. ನೂರು ಗ್ರಾಂಗೆ ಹೆಂಪ್ ಬೀಜದ ಎಣ್ಣೆ 60 ಗ್ರಾಂ, ತೆಂಗಿನೆಣ್ಣೆ 22, ಜೇನುಮೇಣ 17, ಸುಗಂಧ ತೈಲ ಎಲ್ಲ ಸೇರಿ 1 ಗ್ರಾಂ. ಮೇಣ 10ರಿಂದ 12 ಗ್ರಾಂ ಮಾತ್ರ ಹಾಕಿದರೆ ಇಲ್ಲಿ ನಡೆಯುವುದಿಲ್ಲ. ತೆಂಗಿನೆಣ್ಣೆ 24 ಡಿಗ್ರಿಗೇ ಕರಗುವ ವಸ್ತು, ಏಪ್ರಿಲ್‌ನಲ್ಲಿ ಮಂಗಳೂರಿನ ಕೋಣೆಯೊಳಗೆ 33 ಡಿಗ್ರಿ ಸೆಖೆ. ಡಬ್ಬಿ ತೆರೆದರೆ ಪಾಯಸ.

ಒಂದು ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸಣ್ಣ ಸ್ಟೀಲ್ ಪಾತ್ರೆ ಇಟ್ಟು ತೆಂಗಿನೆಣ್ಣೆ ಮತ್ತು ಮೇಣ ಮಾತ್ರ ಹಾಕಿ. ಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ನೀರು ಕೊತಕೊತ ಕುದಿಯುವ ಅಗತ್ಯವಿಲ್ಲ. ಹೆಂಪ್ ಎಣ್ಣೆಯನ್ನು ಒಲೆಗೆ ಇಡಬೇಡಿ. ಅದರಲ್ಲಿ ಲಿನೊಲೆಯಿಕ್, ಲಿನೊಲೆನಿಕ್ ಆಮ್ಲಗಳೇ ಮುಕ್ಕಾಲು ಭಾಗ, ಹೆಚ್ಚು ಕಾದರೆ ಬೇಗ ಕಮಟುತ್ತದೆ. ಹಾಗೆಂದು ತಣ್ಣನೆಯದನ್ನು ಸುರಿದರೆ ಮೇಣ ತಟ್ಟನೆ ಗಟ್ಟಿಯಾಗಿ ರವೆ ರವೆಯಾಗುತ್ತದೆ. ಬಾಟಲಿಯನ್ನು ಹತ್ತು ನಿಮಿಷ ಉಗುರುಬೆಚ್ಚನೆ ನೀರಿನಲ್ಲಿಟ್ಟು, ಒಲೆ ಆರಿಸಿದ ಮೇಲೆ ಸಣ್ಣ ಧಾರೆಯಾಗಿ ಸೇರಿಸಿ ಕಲಸಿ. ಮಿಶ್ರಣ ಪಾರದರ್ಶಕವಾಗಿರಬೇಕು. ಅಂಚಿನಲ್ಲಿ ಬಿಳಿ ಪದರ ಕಟ್ಟಿದರೆ ಮತ್ತೆ ಬಿಸಿನೀರಿನ ಮೇಲೆ ಅರ್ಧ ನಿಮಿಷ ಹಿಡಿಯಿರಿ. ಪಾತ್ರೆಯ ಹೊರಗೆ ಕೈಯಿಟ್ಟರೆ ಸುಡದೆ ಬಿಸಿ ತಾಗುವ ಹೊತ್ತಿಗೆ ಸುಗಂಧ ತೈಲ ಹಾಕಿ. ಎಲ್ಲರೂ ಎಡವುವುದು ಇಲ್ಲೇ: ಕಾದಿರುವಾಗಲೇ ತೈಲ ಸುರಿದು, ಅಡುಗೆಮನೆ ಘಮಘಮಿಸಿತೆಂದು ಖುಷಿಪಡುತ್ತಾರೆ. ಅಡುಗೆಮನೆಗೆ ಬಂದ ಪರಿಮಳ ಡಬ್ಬಿಯಲ್ಲಿಲ್ಲ.

ಒಂದು ಗ್ರಾಂ ತೈಲದಲ್ಲಿ ಒಳ್ಳೆ ಮೆಣಸಿನ ತೈಲ 0.5, ಕೊತ್ತಂಬರಿ ಬೀಜದ್ದು 0.3, ನಿಂಬೆಯದ್ದು 0.2 ಸಾಕು. ಹನಿ ಎಣಿಸಬೇಡಿ, ತೈಲ ತೈಲಕ್ಕೆ ಹನಿಯ ಗಾತ್ರ ಬೇರೆ. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಬಳಸಿ. ಹಿಂಡಿ ತೆಗೆದ ನಿಂಬೆ ತೈಲ ಹೆಚ್ಚಾದರೆ ಬಿಸಿಲಿಗೆ ಹೋದಾಗ ಚರ್ಮ ಸುಟ್ಟು ಕಪ್ಪಾಗುತ್ತದೆ, ಅದಕ್ಕೇ ಇಷ್ಟು ಕಡಿಮೆ. ಹಳೆಯ ನಿಂಬೆ ತೈಲವನ್ನಂತೂ ಹಾಕಲೇಬೇಡಿ. ಗಾಳಿಗೆ ಒಡ್ಡಿದ ಲಿಮೊನೀನ್, ಲಿನಲೂಲ್ ಆಕ್ಸಿಜನ್ ಸೇರಿಸಿಕೊಂಡು ಪೆರಾಕ್ಸೈಡ್ ಆಗುತ್ತವೆ, ತುರಿಕೆ ಬರುವುದು ತಾಜಾ ಟರ್ಪೀನ್‌ನಿಂದಲ್ಲ, ಅದರಿಂದ. ಅರ್ಧ ಗ್ರಾಂ ವಿಟಮಿನ್ ಇ ಸೇರಿಸಿದರೆ ಎಣ್ಣೆ ಕಮಟುವುದು ನಿಧಾನವಾಗುತ್ತದೆ. ಮೊದಲು ಮೊಣಕೈ ಒಳಮೈಗೆ ಕಾಳಷ್ಟು ಹಚ್ಚಿ ಒಂದು ದಿನ ಕಾಯಿರಿ. ಈ ಮುಲಾಮಿನಲ್ಲಿ ಸಿಬಿಡಿ ಇಲ್ಲ. ತಿಕ್ಕುವ ಕೈ, ಎಣ್ಣೆಯ ನುಣುಪು, ಮೂಗಿಗೆ ಬರುವ ಕಂಪು, ಇಷ್ಟೇ ಇದರ ಕೆಲಸ, ಮತ್ತು ಅದು ಕಡಿಮೆಯೇನಲ್ಲ.

ಬೀಜವನ್ನು ತಿನ್ನಲು ತಂದವರಿಗೆ ಒಂದು ಮಾತು. ಸಿಪ್ಪೆಯಿರುವ ಬೀಜವನ್ನು ಸಣ್ಣ ಉರಿಯಲ್ಲಿ ಚಟಪಟ ಸಿಡಿಯಲು ಶುರುವಾಗುವವರೆಗೆ ಹುರಿದು ಇಳಿಸಿ. ಎಳ್ಳಿನಂತೆ ಇದೂ ಕ್ಷಣದಲ್ಲಿ ಕಹಿಯಾಗುತ್ತದೆ. ಬೀಜದಲ್ಲಿ ಪರಿಮಳ ಕಡಿಮೆ, ಕೊಬ್ಬು ಜಾಸ್ತಿ, ಚಟ್ನಿಹುಡಿಗೆ ಸೇರಿಸಿದರೆ ಕಂಪು ಕೊಡುವ ಕೆಲಸ ಕರಿಬೇವಿನ ಸೊಪ್ಪು ಮತ್ತು ಮೆಣಸಿನದ್ದೇ. ಎಣ್ಣೆಯನ್ನು ಒಗ್ಗರಣೆಗೆ ಬಳಸಬೇಡಿ, ಅದು ಬಲುಬೇಗ ಹೊಗೆಯಾಡುತ್ತದೆ. ಇಳಿಸಿದ ಗೊಜ್ಜಿನ ಮೇಲೆ ಒಂದು ಚಮಚ ಹಸಿಯಾಗಿ ಸುರಿಯಬಹುದು.

ಬಾಟಲಿ ಯಾವುದೇ ಇರಲಿ, ಕಂದು ಗಾಜಿನದ್ದಾಗಿರಲಿ, ಫ್ರಿಜ್‌ನಲ್ಲಿರಲಿ. ಮಳೆಗಾಲದಲ್ಲಿ ಹೊರತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ, ತಣ್ಣನೆ ಗಾಜಿಗೆ ತೇವ ಕೂತು ನೀರು ಒಳಗಿಳಿಯುತ್ತದೆ; ಕಾಲು ಗಂಟೆ ಬಿಡಿ. ಎಣ್ಣೆ ಅರ್ಧವಾದಾಗ ಚಿಕ್ಕ ಬಾಟಲಿಗೆ ಬದಲಿಸಿ, ಮೇಲಿನ ಖಾಲಿ ಜಾಗದ ಗಾಳಿಯೇ ಅದನ್ನು ಕೆಡಿಸುವುದು. ಥರ್ಮೊಕೋಲ್ ಚೂರಿನ ಮೇಲೆ ಕಿತ್ತಳೆ ಸಿಪ್ಪೆ ಹಿಂಡಿದರೆ ಅದು ಕರಗಿ ಗುಳಿ ಬೀಳುತ್ತದೆ. ಅದೇ ಲಿಮೊನೀನ್ ಡ್ರಾಪರ್‌ನ ರಬ್ಬರನ್ನೂ ಉಬ್ಬಿಸಿ ಜಿಗುಟಾಗಿಸುತ್ತದೆ. ಬಾಟಲಿಯನ್ನು ಅಡ್ಡ ಮಲಗಿಸಬೇಡಿ, ತಿಂಗಳುಗಟ್ಟಲೆ ಇಡುವುದಾದರೆ ಡ್ರಾಪರ್ ತೆಗೆದು ಗಟ್ಟಿ ತಿರುಪು ಮುಚ್ಚಳ ಹಾಕಿ.